ಫೋನು ಕೆಳಗಿಡುವ ಮುನ್ನ

ಈ ಸಲದ ಪ್ರಶ್ನೋತ್ತರಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ತಕರಾರಿನವು: ಫೋನಿನಲ್ಲಿ ಬರುವುದು ನೋಡಿದಷ್ಟೂ ಮುಗಿಯುವುದಿಲ್ಲ, ನೋಡದಿದ್ದರೆ ಏನೋ ಕೈತಪ್ಪಿ ಹೋದಂತೆ ಅನಿಸುತ್ತದೆ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರವಿದೆ. ಆಂಡ್ರಾಯ್ಡ್ ಫೋನುಗಳ ಮೆನು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ. ನಾವು ಹೇಳಿದ ಹೆಸರು ಸಿಗದಿದ್ದರೆ ಸೆಟ್ಟಿಂಗ್ಸ್ ತೆರೆದು ಮೇಲಿರುವ ಹುಡುಕುವ ಜಾಗದಲ್ಲಿ ಬರೆದು ನೋಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. 43 ವಾಟ್ಸಾಪ್ ಗ್ರೂಪುಗಳಲ್ಲಿದ್ದೇನೆ. ಯಾವುದರಿಂದ ಹೊರಬಂದರೂ ಯಾರಿಗಾದರೂ ಬೇಜಾರು. ತೀರಿಕೊಂಡವರ ಸುದ್ದಿ, ಮದುವೆಯ ಸುದ್ದಿ ಎಲ್ಲ ಅಲ್ಲೇ ಬರುತ್ತದೆ. ಎರಡು ಸಲ ಮೂರು ಮೂರು ದಿನ ಫೋನು ಬಂದ್ ಮಾಡಿಟ್ಟೆ. ತೆರೆದಾಗ 900 ಮೆಸೇಜು ಒಟ್ಟಿಗೆ ಬಂದು, ಮೊದಲಿಗಿಂತ ಹೆಚ್ಚು ಸುಸ್ತಾಯಿತು. (ಹಾವೇರಿ)

ಉತ್ತರ: ಬಂದ್ ಮಾಡಿದ್ದರಲ್ಲಿ ತಪ್ಪಿಲ್ಲ. ಬಂದ್ ಮಾಡುವ ಮುಂಚೆ ಏನನ್ನೂ ವಿಂಗಡಿಸದೆ ಇದ್ದದ್ದು ತೊಂದರೆ ಕೊಟ್ಟಿತು. ನಿಮಗೆ ತಲುಪದ ಮೆಸೇಜನ್ನು ವಾಟ್ಸಾಪ್ 30 ದಿನ ತನ್ನ ಬಳಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಮೂರು ದಿನ ಬಂದ್ ಇಟ್ಟರೆ ಹರಿವು ನಿಲ್ಲುವುದಿಲ್ಲ, ಕಟ್ಟೆಯ ಹಿಂದೆ ತುಂಬಿಕೊಳ್ಳುತ್ತದೆ. ಮೊದಲು ಕಾಲುವೆ ತಿರುಗಿಸಬೇಕು, ಆಮೇಲೆ ಗೇಟು ಹಾಕಬೇಕು.

ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು 43 ಗ್ರೂಪುಗಳ ಹೆಸರನ್ನೂ ಹಾಳೆಯ ಮೇಲೆ ಬರೆಯಿರಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇಲ್ಲಿ ಬಂದ ಸುದ್ದಿಯಿಂದ ನಾನು ಅದೇ ದಿನ ಎದ್ದು ಹೊರಡಬೇಕಾದ ಸಂದರ್ಭ ಕಳೆದ ವರ್ಷದಲ್ಲಿ ಬಂದಿತ್ತೇ? ಹೌದು ಎನ್ನುವವು ನಾಲ್ಕೈದಕ್ಕಿಂತ ಹೆಚ್ಚು ಉಳಿಯುವುದು ಅಪರೂಪ. ಮನೆಯವರ ಗ್ರೂಪು, ಓಣಿಯ ನೀರಿನ ಗ್ರೂಪು, ಪಿಂಚಣಿದಾರರದು, ಹೀಗೆ. ಅವನ್ನು ಹಾಗೇ ಬಿಡಿ.

ಉಳಿದವನ್ನು ಒಂದೊಂದಾಗಿ ಒತ್ತಿ ಹಿಡಿದು ಮೇಲ್ಗಡೆ ಬರುವ ಆರ್ಕೈವ್ (ಪಟ್ಟಿಯಿಂದ ಒಳಗೆ ಸರಿಸಿಡುವ) ಗುರುತು ಮುಟ್ಟಿ. ಬಹಳ ಜನ ಸೋಲುವುದು ಇದರ ಮುಂದಿನ ಹೆಜ್ಜೆಯಲ್ಲಿ. ವಾಟ್ಸಾಪ್ ಸೆಟ್ಟಿಂಗ್ಸ್‌ನ ಚಾಟ್ಸ್ ವಿಭಾಗದಲ್ಲಿ 'ಕೀಪ್ ಚಾಟ್ಸ್ ಆರ್ಕೈವ್ಡ್' ಎಂಬ ಸ್ವಿಚ್ಚಿದೆ. ಅದು ಆಫ್ ಆಗಿದ್ದರೆ ಹೊಸ ಮೆಸೇಜು ಬಂದ ಕೂಡಲೇ ಗ್ರೂಪು ಮತ್ತೆ ಮೇಲೆದ್ದು ಬರುತ್ತದೆ, 'ಆರ್ಕೈವ್ ಕೆಲಸ ಮಾಡಲ್ಲ' ಅಂತ ಜನ ಕೈಬಿಡುತ್ತಾರೆ. ಆನ್ ಇಟ್ಟರೆ ಗ್ರೂಪು ಒಳಗೇ ಉಳಿಯುತ್ತದೆ. ಯಾರಾದರೂ ನಿಮ್ಮ ಹೆಸರು ಹಿಡಿದು ಕರೆದರೆ, ಇಲ್ಲವೇ ನಿಮ್ಮ ಮಾತಿಗೇ ಉತ್ತರ ಕೊಟ್ಟರೆ ಮಾತ್ರ ಸದ್ದು.

ಪೂರ್ತಿ ಹೊರಬರಬೇಕಾದ ಗ್ರೂಪುಗಳ ವಿಷಯದಲ್ಲಿ ನಿಮ್ಮ ಅಂಜಿಕೆಗೆ ಈಗ ಅಷ್ಟು ಕಾರಣವಿಲ್ಲ. 2022ರಿಂದ ಈಚೆಗೆ ನೀವು ಬಿಟ್ಟದ್ದು ಅಡ್ಮಿನ್‌ಗಳಿಗೆ ಮಾತ್ರ ತಿಳಿಯುತ್ತದೆ. ಬೇಕೆಂದೇ ಹುಡುಕಿದವರಿಗೆ 60 ದಿನಗಳ ತನಕ ಬಿಟ್ಟವರ ಪಟ್ಟಿ ಸಿಗುತ್ತದೆ, ಅಷ್ಟೇ. ಹೊಸದಾಗಿ ಯಾರೋ ಎಳೆದು ಹಾಕದಂತೆ ಪ್ರೈವೆಸಿ ವಿಭಾಗದ ಗ್ರೂಪ್ಸ್‌ನಲ್ಲಿ 'ಮೈ ಕಾಂಟ್ಯಾಕ್ಟ್ಸ್' ಆರಿಸಿ. ಸ್ಟೋರೇಜ್ ಅಂಡ್ ಡೇಟಾದಲ್ಲಿ ಮೀಡಿಯಾ ತಾನಾಗಿ ಇಳಿಯುವ ಆಯ್ಕೆ ಮೂರು ಕಡೆ ಇರುತ್ತದೆ: ಮೊಬೈಲ್ ಡೇಟಾ, ವೈಫೈ, ರೋಮಿಂಗ್. ಮೂರರಲ್ಲೂ ಟಿಕ್ ತೆಗೆಯಿರಿ. ಒಂದನ್ನು ಮರೆತರೂ ಹೂವು-ದೀಪದ ಶುಭೋದಯಗಳು ಆ ದಾರಿಯಲ್ಲೇ ಒಳಗೆ ಬರುತ್ತವೆ.

ಇನ್ನು ಸಾವಿನ ಸುದ್ದಿ. ಗ್ರೂಪಿಗೆ ಫೋಟೋ ಬೀಳುವ ಹೊತ್ತಿಗೆ ಯಾರೋ ಒಬ್ಬರು ಹತ್ತು ಮನೆಗೆ ಫೋನು ಮಾಡಿಯೇ ಇರುತ್ತಾರೆ. ನಿಮ್ಮ ಬಳಗದಲ್ಲಿ ಅಂಥವರು ಯಾರೆಂದು ನಿಮಗೇ ಗೊತ್ತು. ನೆಂಟರಲ್ಲಿ ಒಬ್ಬರು, ಹಳೆ ಸಹೋದ್ಯೋಗಿಗಳಲ್ಲಿ ಒಬ್ಬರಿಗೆ 'ಅಂಥಾದ್ದೇನಾದರೂ ಇದ್ದರೆ ನನಗೂ ಒಂದು ಫೋನು ಮಾಡಿ, ನಾನು ಗ್ರೂಪು ನೋಡುವುದು ಕಡಿಮೆ' ಎಂದು ಹೇಳಿಡಿ. ಇಷ್ಟಾದ ಮೇಲೆ ದಿನಕ್ಕೆ ಎರಡು ಹೊತ್ತು, ತಲಾ 20 ನಿಮಿಷ ಸಾಕು. ಆರ್ಕೈವ್ ತೆರೆದು @ ಗುರುತಿರುವ ಗ್ರೂಪು ಮಾತ್ರ ಮೊದಲು ನೋಡಿ. ಉಳಿದವನ್ನು ಒತ್ತಿ ಹಿಡಿದು 'ಮಾರ್ಕ್ ಆ್ಯಸ್ ರೀಡ್' ಕೊಟ್ಟುಬಿಡಿ. ಇವು ಉತ್ತರ ಪತ್ರಿಕೆಗಳಲ್ಲ, ಎಲ್ಲವನ್ನೂ ನೋಡಿ ಮುಗಿಸಬೇಕಾಗಿಲ್ಲ.

ಪ್ರಶ್ನೆ: ನಾಲ್ಕು ಎಕರೆ ಅಡಿಕೆ ತೋಟವಿದೆ. ಧಾರಣೆ, ಎಲೆಚುಕ್ಕಿ ರೋಗ, ಮಳೆ, ಎಲ್ಲದಕ್ಕೂ ಗ್ರೂಪು ಮತ್ತು ಯೂಟ್ಯೂಬ್ ಚಾನೆಲ್. ಬೆಳಿಗ್ಗೆಯಿಂದ ರಾತ್ರಿವರೆಗೆ ರೇಟು ನೋಡುವುದೇ ಕೆಲಸವಾಗಿದೆ. ಕೈ ಬಿಟ್ಟರೆ ಮಾರುವ ಹೊತ್ತು ತಪ್ಪೀತೆಂಬ ಭಯ. (ಚನ್ನಗಿರಿ)

ಉತ್ತರ: ಯಾವ ಸುದ್ದಿ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಮಾರುಕಟ್ಟೆಯಲ್ಲಿ ಒಂದು ಲಾಟಿಗೆ ಟೆಂಡರ್ ಆಗುವುದು ದಿನಕ್ಕೆ ಒಂದೇ ಸಲ. ಬೆಳಿಗ್ಗೆ ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ ಗ್ರೂಪಿನಲ್ಲಿ ಓಡಾಡುವುದು ನಿನ್ನೆಯ ರೇಟು, ಇಲ್ಲವೇ ಊಹೆ. ಆದರೂ ಕೈ ಹೋಗುವುದೇಕೆ? ಹತ್ತು ಸಲ ನೋಡಿದಾಗ ಒಂದು ಸಲ ಏರಿಕೆ ಕಾಣುತ್ತದೆ, ಯಾವ ಸಲ ಎಂದು ಮೊದಲೇ ಗೊತ್ತಿರುವುದಿಲ್ಲ. ಓಸಿ ನಂಬರಿಗೆ ಕಾಯುವವರ ಚಡಪಡಿಕೆಯೂ ಇದೇ ಜಾತಿಯದು.

ಗ್ರೂಪಿನ ರೇಟಿನಲ್ಲಿ ಇನ್ನೊಂದು ಮೋಸವಿದೆ. ಅಲ್ಲಿ ಬರುವುದು ಸಾಮಾನ್ಯವಾಗಿ ಗರಿಷ್ಠ ಧಾರಣೆ. ಯಾರದೋ ಒಂದು ಒಳ್ಳೆಯ ಲಾಟಿಗೆ ಸಿಕ್ಕಿದ್ದು. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಮಾರುಕಟ್ಟೆವಾರು ಆವಕ, ಕನಿಷ್ಠ, ಗರಿಷ್ಠ, ಮಾದರಿ ಎಂದು ಕೊಟ್ಟಿರುತ್ತಾರೆ. ಮಾದರಿ ಎಂದರೆ ಹೆಚ್ಚು ಮಾಲು ಮಾರಾಟವಾದ ಬೆಲೆ. ನಿಮ್ಮ ಲೆಕ್ಕಕ್ಕೆ ಬೇಕಾದದ್ದು ಅದೇ. ರಾಶಿ, ಗೊರಬಲು, ಬೆಟ್ಟೆ, ಸರಕು ಬೇರೆ ಬೇರೆ ಬಗೆಯ ಅಡಿಕೆ, ರಾಶಿಯ ರೇಟನ್ನು ರಾಶಿಯ ಜೊತೆಗೇ ಹೋಲಿಸಿ. ಗೊರಬಲಿನವರಿಗೆ ಬೆಟ್ಟೆ, ಸರಕಿನ ರೇಟು ನೋಡಿ ಹೊಟ್ಟೆ ಉರಿಸಿಕೊಳ್ಳುವುದರಿಂದ ಬರುವ ಲಾಭವಿಲ್ಲ.

ಹೀಗೆ ಮಾಡಿ. ಅಡಿಗೆಮನೆಯಲ್ಲೋ ಕಣದ ಕೋಣೆಯಲ್ಲೋ ಒಂದು ಕ್ಯಾಲೆಂಡರ್ ತೂಗುಹಾಕಿ. ಸಂಜೆ ಏಳಕ್ಕೆ ಒಮ್ಮೆ ನೋಡಿ, ಆ ದಿನದ ಚೌಕದಲ್ಲಿ ಮಾದರಿ ಧಾರಣೆಯನ್ನು ಮಾತ್ರ ಬರೆಯಿರಿ. ಒಂದು ತಿಂಗಳಾದರೆ ಏರಿಳಿತ ಕಣ್ಣಿಗೇ ಕಾಣುತ್ತದೆ, ದಿನಕ್ಕೆ ನೂರು ಸಲ ನೋಡಿದವರಿಗೆ ಕಾಣದ್ದು. ಮಾರುವ ಬೆಲೆಯನ್ನೂ ಮೊದಲೇ ಬರೆದಿಡಿ: 'ಇಷ್ಟಕ್ಕೆ ಬಂದರೆ ಅರ್ಧ ಮಾಲು, ಇಂಥ ತಿಂಗಳಿಗೆ ಸಾಲದ ಕಂತಿಗೆ ಬೇಕಾದಷ್ಟು ಮಾಲು, ರೇಟು ಏನೇ ಇರಲಿ.' ಈ ಎರಡು ಸಾಲು ಬರೆಯದವರೇ ಗಂಟೆಗೊಮ್ಮೆ ರೇಟು ನೋಡುವುದು.

ಮಳೆಗೆ ಇಂಟರ್ನೆಟ್ಟೇ ಬೇಕಿಲ್ಲ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿಗೆ ಫೋನು ಮಾಡಿ ನಿಮ್ಮ ಊರು ಹೇಳಿದರೆ ಕನ್ನಡದಲ್ಲೇ ಮುನ್ಸೂಚನೆ ಕೊಡುತ್ತಾರೆ. ರೋಗದ ವಿಡಿಯೋಗಳು ಕಷ್ಟದ ಸಂಗತಿ. ಒಬ್ಬರು ಒಂದು ಔಷಧಿ ಹೇಳಿದರೆ ಇನ್ನೊಬ್ಬರು ಮತ್ತೊಂದು. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ (ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್), ಮಳೆಗಾಲಕ್ಕೆ ಮುಂಚೆ ಒಮ್ಮೆ, 40-45 ದಿನಕ್ಕೆ ಮತ್ತೊಮ್ಮೆ, ಇದು ನಿಮಗೆ ಗೊತ್ತಿರುವುದೇ. ಎಲೆಚುಕ್ಕಿಗಾದರೆ ರೋಗ ಹಿಡಿದ ಗರಿಯನ್ನೇ ಹಿಡಿದುಕೊಂಡು ತಾಲ್ಲೂಕಿನ ತೋಟಗಾರಿಕೆ ಇಲಾಖೆಗೆ ಹೋಗಿ. ಗರಿ ನೋಡಿ ಹೇಳಿದ ಒಂದು ಮಾತು ಗರಿ ನೋಡದೆ ಹೇಳಿದ ನಲವತ್ತು ವಿಡಿಯೋಗಿಂತ ಕೆಲಸಕ್ಕೆ ಬರುತ್ತದೆ. ಯೂಟ್ಯೂಬಿನಲ್ಲಿ ವಾಚ್ ಹಿಸ್ಟರಿಯನ್ನು ಅಳಿಸಿ ಆಫ್ ಮಾಡಿದರೆ ಮುಖಪುಟದ ಶಿಫಾರಸುಗಳು ನಿಂತುಹೋಗುತ್ತವೆ. ಬೇಕಾದ್ದನ್ನು ಹುಡುಕಿ ನೋಡುವುದಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ವಾರಕ್ಕೆ ಒಂದು ದಿನ ಪೂರ್ತಿ ಆಫ್‌ಲೈನ್ ಇರಬೇಕೆಂದು ನಾಲ್ಕು ಸಲ ಪ್ರಯತ್ನಿಸಿದೆ. ಪ್ರತಿ ಸಲವೂ ಮಧ್ಯಾಹ್ನದೊಳಗೆ ಮುರಿಯಿತು. ಒಮ್ಮೆ ಆಟೋಗೆ ಕೊಡಲು ಚಿಲ್ಲರೆ ಇಲ್ಲದೆ, ಒಮ್ಮೆ ಅಮ್ಮ ಗಾಬರಿಯಾಗಿ. (ಬೆಂಗಳೂರು)

ಉತ್ತರ: ಮನಸ್ಸಿನ ದೌರ್ಬಲ್ಯದಿಂದ ಮುರಿಯುವುದಕ್ಕಿಂತ ಚಿಲ್ಲರೆ ಇಲ್ಲದೆ ಮುರಿಯುವುದೇ ಹೆಚ್ಚು. ನೀವು ಬರೆದದ್ದು ಅದಕ್ಕೆ ಸಾಕ್ಷಿ. ಫೋನಿನ ಒಳಗೆ ಈಗ ಗಡಿಯಾರ, ಪರ್ಸು, ನಕಾಶೆ, ವಿಳಾಸದ ಪುಸ್ತಕ ಎಲ್ಲವೂ ಇದೆ. ಅವನ್ನು ಮೊದಲು ಹೊರಗೆ ತೆಗೆದಿಡಬೇಕು.

ಹೊತ್ತು: ಶನಿವಾರ ಸಂಜೆ 6ರಿಂದ ಭಾನುವಾರ ಸಂಜೆ 6. ಭಾನುವಾರ ರಾತ್ರಿವರೆಗೂ ಎಳೆದರೆ ಸೋಮವಾರ ಬೆಳಿಗ್ಗೆ ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಅದರ ಭಯಕ್ಕೇ ಭಾನುವಾರ ಮಧ್ಯಾಹ್ನ ಕೈ ಹೋಗುತ್ತದೆ. ಮೊದಲ ಎರಡು ವಾರ ಭಾನುವಾರ ಬೆಳಿಗ್ಗೆ ನಾಲ್ಕು ಗಂಟೆಗಳ ಕಾಲ ಮಾತ್ರ ಮಾಡಿ. ಆನ್-ಕಾಲ್ ಸರದಿ ಇರುವ ವಾರ ಬೇಡವೇ ಬೇಡ.

ಶುಕ್ರವಾರ ಆಫೀಸು ಬಿಡುವಾಗ ಮೂರು ಸಾಲು ಬರೆದು ತಂಡಕ್ಕೆ ಕಳಿಸಿ: ಏನು ಬಾಕಿ ಇದೆ, ಕೆಟ್ಟರೆ ಯಾರನ್ನು ಕೇಳಬೇಕು, ಅನಿವಾರ್ಯವಾದರೆ ಈ ನಂಬರಿಗೆ ಕಾಲ್ ಮಾಡಿ, ಮೆಸೇಜು ನೋಡುವುದಿಲ್ಲ. ಕಂಪನಿಯ ಆ್ಯಪುಗಳು ಫೋನಿನ ವರ್ಕ್ ಪ್ರೊಫೈಲ್‌ನಲ್ಲಿದ್ದರೆ ಒಂದೇ ಸ್ವಿಚ್ಚಿನಲ್ಲಿ ಅಷ್ಟನ್ನೂ ಮಲಗಿಸಬಹುದು. ಇಲ್ಲದಿದ್ದರೆ ಸ್ಲ್ಯಾಕ್, ಟೀಮ್ಸ್ ಎರಡರಲ್ಲೂ ನೋಟಿಫಿಕೇಶನ್ ನಿಲ್ಲಿಸುವ ವೇಳಾಪಟ್ಟಿ ಇದೆ.

ಮನೆಯಲ್ಲಿ ತಯಾರಿಡಬೇಕಾದದ್ದು: ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ ಸುಮಾರು ₹1,000. ಐನೂರರ ಎರಡು ನೋಟು ಇಟ್ಟುಕೊಂಡರೆ ಆಟೋದವರ ಮುಂದೆ ಮತ್ತೆ ಅದೇ ಕತೆ. ಮೆಟ್ರೋ ಹತ್ತುವವರಾದರೆ ದುಡ್ಡು ತುಂಬಿದ ಸ್ಮಾರ್ಟ್ ಕಾರ್ಡು. ಒಂದು ಅಲಾರಂ ಗಡಿಯಾರ, ಕೈಗೊಂದು ವಾಚು. ಆರು ಫೋನ್ ನಂಬರು ಬರೆದ ಚೀಟಿ ಪರ್ಸಿನಲ್ಲಿ. ಹೊಸ ಜಾಗಕ್ಕೆ ಹೋಗುವುದಿದ್ದರೆ ವಿಳಾಸ ಮತ್ತು ಹತ್ತಿರದ ಗುರುತು ಬರೆದುಕೊಂಡಿರಿ. ತೀರಾ ಅಗತ್ಯಬಿದ್ದರೆ ಇಂಟರ್ನೆಟ್ ಇಲ್ಲದೆ *99# ಒತ್ತಿಯೂ ಯುಪಿಐ ಹಣ ಕಳಿಸಬಹುದು, ಒಂದು ಸಲಕ್ಕೆ ₹5,000ದವರೆಗೆ. ಅದಕ್ಕೆ ನಿಮ್ಮ ನಂಬರು ಬ್ಯಾಂಕಿನಲ್ಲಿ ನೋಂದಣಿಯಾಗಿರಬೇಕು, ಶನಿವಾರಕ್ಕೆ ಮುಂಚೆ ಒಮ್ಮೆ ಪ್ರಯತ್ನಿಸಿ ನೋಡಿ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಬೇಡಿ, ಅಮ್ಮ ಗಾಬರಿಯಾದದ್ದು ಬಹುಶಃ ಅದರಿಂದಲೇ. ಮೊಬೈಲ್ ಡೇಟಾ, ವೈಫೈ ಎರಡನ್ನು ಮಾತ್ರ ಆಫ್ ಮಾಡಿ. ಕಾಲ್ ಬರುತ್ತದೆ, ಓಟಿಪಿಯ ಎಸ್ಸೆಮ್ಮೆಸ್ಸೂ ಬರುತ್ತದೆ. ವಾಟ್ಸಾಪ್ ಕಾಲ್ ಮಾತ್ರ ರಿಂಗಾಗದು. ಅಮ್ಮನಿಗೆ, ಹೊರದೇಶದಲ್ಲಿ ಇರುವವರಿಗೆ ಇದನ್ನು ಮೊದಲೇ ಹೇಳಿ. ಡು ನಾಟ್ ಡಿಸ್ಟರ್ಬ್ ಹಾಕಿ ಸ್ಟಾರ್ ಮಾಡಿದ ಐದಾರು ನಂಬರಿಗೆ ಮಾತ್ರ ಅನುಮತಿ ಕೊಡಿ, 'ರಿಪೀಟ್ ಕಾಲರ್ಸ್' ಆನ್ ಮಾಡಿ. ಬೇರೆ ಯಾರೇ ಆದರೂ ಆಂಡ್ರಾಯ್ಡಿನಲ್ಲಿ 15 ನಿಮಿಷದೊಳಗೆ ಎರಡನೇ ಸಲ ಕರೆದರೆ ರಿಂಗಾಗುತ್ತದೆ, ಐಫೋನಿನಲ್ಲಿ ಮೂರು ನಿಮಿಷದೊಳಗೆ. ಪ್ರಚಾರದ ಎಸ್ಸೆಮ್ಮೆಸ್ ಕಾಟವಿದ್ದರೆ 1909ಕ್ಕೆ ಇಂಗ್ಲಿಷ್ ಅಕ್ಷರದಲ್ಲಿ 'ಸ್ಟಾರ್ಟ್ 0' ಎಂದು ಕಳಿಸಿ. ಕೊನೆಗೆ ರಿಂಗಿನ ಸದ್ದು ಪೂರ್ತಿ ಏರಿಸಿ, ಬೇರೆ ಕೋಣೆಯ ಕಪಾಟಿನ ಮೇಲಿಡಿ. ಜೇಬಿನಲ್ಲಿಟ್ಟುಕೊಂಡು 'ನೋಡುವುದಿಲ್ಲ' ಎನ್ನುವುದು ಬಾಯಲ್ಲಿ ಕಡುಬು ಇಟ್ಟುಕೊಂಡು ಉಪವಾಸ ಮಾಡಿದಂತೆ.

ಕಷ್ಟದ ಹೊತ್ತು ಊಟವಾದ ಮೇಲಿನ ಎರಡು ಮೂರು ಗಂಟೆ. ಅದಕ್ಕೆ 'ಏನಾದರೂ ಓದುತ್ತೇನೆ' ಎಂಬ ಯೋಜನೆ ಸಾಲದು. ಕೈಗೆ ಕೆಲಸ ಕೊಡುವಂಥದ್ದು ಬೇಕು: ಸೈಕಲ್ಲಿನ ಚೈನು ತೊಳೆಯುವುದು, ಚಟ್ನಿಪುಡಿಗೆ ಹುರಿಯುವುದು, ಅಟ್ಟ ಗುಡಿಸುವುದು. ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ.

ಸಂಜೆ ಆರಕ್ಕೆ ತೆರೆಯುವಾಗ ಕ್ರಮ ಮುಖ್ಯ. ಮಿಸ್ಡ್ ಕಾಲ್, ಎಸ್ಸೆಮ್ಮೆಸ್, ಆಮೇಲೆ ಮೇಲ್‌ನಲ್ಲಿ ನಿಮಗೊಬ್ಬರಿಗೇ ಬಂದದ್ದು, ಎಲ್ಲಕ್ಕೂ ಕೊನೆಗೆ ವಾಟ್ಸಾಪ್. ಹಿಂದಿನ ದಿನದ ಸುದ್ದಿಯನ್ನು ಹಿಂದಕ್ಕೆ ಹೋಗಿ ನೋಡುವುದು ಬೇಡ, ಉಳಿಯುವಂಥದ್ದು ಸೋಮವಾರದ ಪತ್ರಿಕೆಯಲ್ಲಿ ಇದ್ದೇ ಇರುತ್ತದೆ. ಹಾಗೇ, 'ಆಮೇಲೆ ಓದೋಣ' ಎಂದು ತೆರೆದಿಟ್ಟ ಟ್ಯಾಬುಗಳನ್ನೆಲ್ಲ ಶನಿವಾರವೇ ಮುಚ್ಚಿಬಿಡಿ. ಕ್ರೋಮ್ ಬ್ರೌಸರ್ 90 ದಿನದ ಹಿಸ್ಟರಿ ಇಟ್ಟಿರುತ್ತದೆ. ನಿಜವಾಗಿ ಬೇಕಾದರೆ ಸಿಗುತ್ತದೆ. ಬೇಕಾಗುವುದು ಅಪರೂಪ ಎಂಬುದೂ ಆಗ ತಿಳಿಯುತ್ತದೆ.

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. 20ಕ್ಕೂ ಹೆಚ್ಚು ಟೆಲಿಗ್ರಾಂ ಚಾನೆಲ್, ಫೋನಿನಲ್ಲಿ 3,000 ಪಿಡಿಎಫ್. ಡಿಲೀಟ್ ಮಾಡಲು ಧೈರ್ಯವಿಲ್ಲ. (ಸಪ್ತಾಪುರ, ಧಾರವಾಡ)

ಉತ್ತರ: ಡಿಲೀಟ್ ಮಾಡಬೇಡಿ. ಒಂದು ಪೆನ್‌ಡ್ರೈವಿಗೆ ಹಾಕಿ ಊರಲ್ಲಿ ಬಿಟ್ಟು ಬನ್ನಿ. ಪಿಡಿಎಫ್ ಇಳಿಸಿಕೊಂಡಾಗ ಓದಿದ ತೃಪ್ತಿಯ ಒಂದು ಪಾಲು ಪುಕ್ಕಟೆಯಾಗಿ ಸಿಕ್ಕಿಬಿಡುತ್ತದೆ, ಆಮೇಲೆ ಓದುವ ಹಸಿವೇ ಇರುವುದಿಲ್ಲ. ಪೂರ್ವಭಾವಿಯಲ್ಲಿ 200 ಅಂಕಗಳ ಎರಡು ಪತ್ರಿಕೆ, ತಪ್ಪಿಗೆ ಕಾಲು ಭಾಗ ಅಂಕ ಕಡಿತ. ಅರೆಬರೆ ನೋಡಿದ ಹತ್ತು ಪಿಡಿಎಫ್‌ಗಳು ಕೊಡುವ 'ಎಲ್ಲೋ ನೋಡಿದ್ದೆನಲ್ಲ' ಎಂಬ ನೆನಪು ಇಂಥ ಪರೀಕ್ಷೆಯಲ್ಲಿ ಅಂಕ ಕಳೆಯುತ್ತದೆ.

ವಿಷಯಕ್ಕೊಂದು ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳ ಝೆರಾಕ್ಸ್, ಪ್ರಚಲಿತಕ್ಕೆ ಒಂದು ದಿನಪತ್ರಿಕೆ ಮತ್ತು ಕನ್ನಡದ 'ಯೋಜನಾ'. ಪತ್ರಿಕೆಗೆ 45 ನಿಮಿಷ, ನೋಟು ಹತ್ತು ಸಾಲು ಮೀರಕೂಡದು. ಅಧಿಸೂಚನೆ ತಪ್ಪೀತೆಂಬ ಭಯವಿದ್ದರೆ ಕೆಪಿಎಸ್‌ಸಿ ಮತ್ತು ಕೆಇಎ ಜಾಲತಾಣಗಳನ್ನು ಭಾನುವಾರ ಒಮ್ಮೆ ನೋಡಿ. ಅರ್ಜಿಗೆ ವಾರಗಟ್ಟಲೆ ಸಮಯ ಇರುತ್ತದೆ. 'ಪರೀಕ್ಷೆ ಮುಂದಕ್ಕೆ' ಎಂಬ ಸುದ್ದಿ ಆ ಎರಡು ಕಡೆ ಇಲ್ಲದಿದ್ದರೆ ಇಲ್ಲವೆಂದೇ ತಿಳಿಯಿರಿ. ಓದುವ ಕೋಣೆಗೆ ಫೋನಿನ ಬದಲು ಕೈಗಡಿಯಾರ ಒಯ್ಯಿರಿ.

ಪ್ರಶ್ನೆ: ಪರದೆಯನ್ನು ಕಪ್ಪು-ಬಿಳುಪು ಮಾಡಿದರೆ ಚಟ ಬಿಡುತ್ತದೆಯೇ? (ಮಂಡ್ಯ)

ಉತ್ತರ: ರೀಲ್ಸ್ ಸ್ವಲ್ಪ ಸಪ್ಪೆಯಾಗುತ್ತದೆ, ಸುದ್ದಿ ಮತ್ತು ವಾಟ್ಸಾಪಿಗೆ ಏನೂ ಆಗದು. ಅಕ್ಷರ ಮೊದಲೇ ಕಪ್ಪು-ಬಿಳುಪು. ಆ್ಯಪ್ ಬಳಕೆಗೆ ಮಿತಿ ಹಾಕುವ ಟೈಮರಿನ ಕತೆಯೂ ಅಷ್ಟೇ, ಹಾಕಿದವರೇ ತೆಗೆಯಬಹುದು, ನಡುರಾತ್ರಿಗೆ ತಾನಾಗಿ ಹೊಸದಾಗಿ ಶುರುವಾಗುತ್ತದೆ. ಇವೆರಡಕ್ಕಿಂತ ಚಾರ್ಜರನ್ನು ಮಲಗುವ ಕೋಣೆಯಿಂದ ನಡುಮನೆಗೆ ಸಾಗಿಸುವುದು ಉತ್ತಮ.

ಪ್ರಶ್ನೆ: ಮಕ್ಕಳಿಗೆ ಫೋನು ಬೇಡ ಅಂದರೆ 'ಹೋಂವರ್ಕ್ ಗ್ರೂಪಿನಲ್ಲಿ ಬರುತ್ತೆ' ಎನ್ನುತ್ತಾರೆ. ಸಂಜೆ ಮನೆಮಂದಿಯೆಲ್ಲ ಬಂದ್ ಮಾಡುವುದು ಸಾಧ್ಯವೇ? (ಬೆಳಗಾವಿ)

ಉತ್ತರ: ನಿಮ್ಮ ಗಡಿಯಾಚೆಗೇ ಉದಾಹರಣೆ ಇದೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಲ್ಲಿ ಇಡೀ ಊರೇ ಇದನ್ನು ಶುರುಮಾಡಿತು. ಸಂಜೆ 7ಕ್ಕೆ ದೇವಸ್ಥಾನದಿಂದ ಸೈರನ್, ಒಂದೂವರೆ ಗಂಟೆ ಟಿ.ವಿ., ಮೊಬೈಲ್ ಎರಡೂ ಬಂದ್. ಇದರಲ್ಲಿ ಎರಡು ಸಂಗತಿ ಗಮನಿಸಿ. ಟಿ.ವಿ.ಯೂ ಸೇರಿದೆ, ದೊಡ್ಡವರೂ ಸೇರಿದ್ದಾರೆ. ಅಪ್ಪ ಸುದ್ದಿ ಚಾನೆಲ್ ಹಾಕಿಕೊಂಡು ಮಗನಿಗೆ ಮಾತ್ರ ಬಂದ್ ಎಂದರೆ ಮೂರನೇ ದಿನಕ್ಕೆ ಮುರಿಯುತ್ತದೆ. ಹೋಂವರ್ಕನ್ನು ಏಳಕ್ಕೆ ಮುಂಚೆ ನೀವೇ ಗ್ರೂಪು ತೆರೆದು ಡೈರಿಗೆ ಬರೆಸಿ. ಏಳರ ಮೇಲೆ ಬಂದದ್ದು ನಾಳೆಯ ಲೆಕ್ಕ ಎಂದು ತರಗತಿಯ ಶಿಕ್ಷಕರೊಂದಿಗೆ ಮಾತಾಡಿಕೊಳ್ಳಿ. ಫೋನುಗಳು ಒಂದೇ ಬುಟ್ಟಿಯಲ್ಲಿ ಇರಲಿ, ಕಾಲ್ ಬಂದರೆ ಅಲ್ಲೇ ನಿಂತು ಮಾತಾಡಿ.

ಕಿತ್ತುಕೊಂಡರೆ ಹೊಡೆದಾಟ, ನಿದ್ರೆ-ಊಟ ಕೆಡುವುದು, ಶಾಲೆ ತಪ್ಪಿಸುವುದು ಇದ್ದರೆ ಬುಟ್ಟಿಯಿಂದ ಆಗುವ ಕೆಲಸವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ. ದೂರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡಬಹುದು.

ಪ್ರಶ್ನೆ: ಬೆಂಗಳೂರು ಹತ್ತಿರದ ಆಲೂರಿನ ಧಮ್ಮ ಪಫುಲ್ಲ ಕೇಂದ್ರದಲ್ಲಿ ಹತ್ತು ದಿನದ ವಿಪಸ್ಸನಾ ಧ್ಯಾನ ಶಿಬಿರಕ್ಕೆ ಹೋಗುತ್ತಿದ್ದೇನೆ. ಫೋನು ಒಪ್ಪಿಸಬೇಕಂತೆ. ಏನು ತಯಾರಿ? (ತುಮಕೂರು)

ಉತ್ತರ: ಹೆಸರಿಗೆ ಹತ್ತು ದಿನ, ಲೆಕ್ಕಕ್ಕೆ ಹನ್ನೆರಡು: ಹೋದ ಸಂಜೆ ಒಂದು, ಬಿಡುವ ಬೆಳಿಗ್ಗೆ ಒಂದು. ಅದು ಫೋನು ಬಿಡಿಸುವ ಶಿಬಿರವಲ್ಲ ಎಂಬುದು ಗೊತ್ತಿರಲಿ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು, ಮಾತಿಲ್ಲ, ಓದು ಬರಹವೂ ಇಲ್ಲ. ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ.

ಆ ಹನ್ನೆರಡು ದಿನದಲ್ಲಿ ಬರುವ ಕಂತು, ಕ್ರೆಡಿಟ್ ಕಾರ್ಡು, ಕರೆಂಟ್ ಬಿಲ್ ಮುಂಚೆಯೇ ಕಟ್ಟಿ. ಕಂತು ತಾನಾಗಿ ಕಡಿತವಾಗುವುದಾದರೆ ಖಾತೆಯಲ್ಲಿ ದುಡ್ಡಿದೆಯೇ ನೋಡಿ. ಪ್ರೀಪೇಯ್ಡ್ ಸಿಮ್ಮಿನ ಅವಧಿ ಮಧ್ಯದಲ್ಲಿ ಮುಗಿಯದಿರಲಿ. ಕೇಂದ್ರದ ಕಚೇರಿಯ ನಂಬರನ್ನು ಮನೆಯಲ್ಲಿ ಬರೆದುಕೊಟ್ಟು ಹೋಗಿ. ಮನೆಯವರಿಗೆ ಓಟಿಪಿ ಬೇಕಾಗುವ ಗ್ಯಾಸ್ ಸಿಲಿಂಡರ್‌ನಂಥ ಕೆಲಸಗಳಿಗೆ ಅವರ ನಂಬರನ್ನೇ ಜೋಡಿಸಿಡಿ, ಇದು ಎಲ್ಲರೂ ಮರೆಯುವ ಸಂಗತಿ. ವಾಟ್ಸಾಪಿಗೆ ಚಿಂತೆಯಿಲ್ಲ. ಕಂಪ್ಯೂಟರಿನಲ್ಲಿ ಜೋಡಿಸಿದ್ದು ಕಡಿದುಹೋಗುವುದು ಫೋನು 14 ದಿನ ಬಳಸದಿದ್ದರೆ, ನಿಮ್ಮದು ಹನ್ನೆರಡೇ.

ಬಿಡುವ ದಿನ ಫೋನು ಕೈಗೆ ಬಂದಾಗ ಡೇಟಾ ಆಫ್ ಇಟ್ಟೇ ಮನೆಗೊಂದು ಕಾಲ್ ಮಾಡಿ. ಬಸ್ಸಿನಲ್ಲಿ ಕೂತು ಉಳಿದದ್ದನ್ನು ತೆರೆಯಬೇಡಿ. ಮನೆಗೆ ಬಂದು, ಸ್ನಾನ ಊಟ ಮುಗಿಸಿ, ಬೇಕಿದ್ದರೆ ಒಂದು ನಿದ್ದೆ ತೆಗೆದು ಆಮೇಲೆ ಡೇಟಾ ಹಾಕಿ. ಮೆಸೇಜು ಇಳಿಯಲು ಐದು ಹತ್ತು ನಿಮಿಷ ಹಿಡಿದೀತು, ಅಷ್ಟು ಹೊತ್ತು ಫೋನನ್ನು ಮೇಜಿನ ಮೇಲೆ ಮಗುಚಿಡಿ.